ತೂಕದ ಚೀಟಿಗೆ ಎರಡು ಮುಖ

ನಮ್ಮ ಸಂಘದ ಒಬ್ಬ ಸದಸ್ಯೆ ಕಳೆದ ಸೆಮಿಸ್ಟರ್ ರಜೆ ಮುಗಿಸಿ ಬೈಂದೂರು ಕಡೆಯ ತನ್ನ ಮನೆಯಿಂದ ಹಾಸ್ಟೆಲಿಗೆ ಬರುವಾಗ ಹಲಸಿನ ಹಪ್ಪಳದ ಜೊತೆ ಒಂದು ತಗಡಿನ ಬಿಸ್ಕತ್ತು ಡಬ್ಬಿಯನ್ನೂ ತಂದಿದ್ದಳು. ಹಪ್ಪಳ ಎರಡು ದಿನದಲ್ಲಿ ಖಾಲಿಯಾಯ್ತು. ಡಬ್ಬಿಯ ವಿಷಯ ಇವತ್ತಿಗೂ ಮುಗಿದಿಲ್ಲ. ಅದರೊಳಗೆ ಇದ್ದದ್ದು 23 ರಟ್ಟಿನ ಚೀಟಿಗಳು. ರೈಲ್ವೆ ಸ್ಟೇಶನ್ನಿನ ತೂಕದ ಮೆಷಿನ್ನು ನಾಣ್ಯ ನುಂಗಿ ‘ಟಕ್’ ಅಂತ ಹೊರಗೆ ತಳ್ಳುತ್ತಿತ್ತಲ್ಲ, ಅವೇ. ಒಂದು ಮುಖದಲ್ಲಿ ತೂಕ, ಇನ್ನೊಂದರಲ್ಲಿ ಸಿನಿಮಾ ನಟ-ನಟಿಯರ ಪಟ ಅಥವಾ ಎರಡು ಸಾಲಿನ ಭವಿಷ್ಯ.

ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಈ ಮೆಷಿನ್ನಿನ ಮೇಲೆ ಒಮ್ಮೆಯಾದರೂ ಹತ್ತಿದವರು. ಬಣ್ಣದ ದೀಪಗಳು ಮಿಣುಕುತ್ತವೆ, ಗಾಜಿನ ಹಿಂದೆ ಚಕ್ರವೊಂದು ಗಿರಗಿರ ತಿರುಗುತ್ತದೆ, ಅದು ನಿಂತ ಮೇಲೇ ನಾಣ್ಯ ಹಾಕಬೇಕು ಅಂತ ಅಪ್ಪ ಕೈ ಹಿಡಿದುಕೊಳ್ಳುತ್ತಾರೆ. ಚೀಟಿ ಬಂತು, ನೋಡಿದೆವು, ನಕ್ಕೆವು, ರೈಲು ಹತ್ತುವ ಮೊದಲೇ ಎಲ್ಲೋ ಬೀಳಿಸಿದೆವು. ಆ ಚೀಟಿಯನ್ನು ಯಾರಾದರೂ ಜೋಪಾನ ಮಾಡಿಯಾರು ಅಂತ ನಮಗೆ ಹೊಳೆದೇ ಇರಲಿಲ್ಲ. ಈಗ ನಮ್ಮ ಅಭಿಪ್ರಾಯ ಬದಲಾಗಿದೆ. ಈ ಲೇಖನ ಆ ಬದಲಾವಣೆಯ ಬಗ್ಗೆ. ಜೊತೆಗೆ ನಿಮ್ಮಲ್ಲಿ ಒಂದು ವಿನಂತಿಯೂ ಇದೆ.

ಮೊದಲು ಆ ಡಬ್ಬಿಯ ಕಥೆ. ನಮ್ಮ ಗೆಳತಿಯ ಅಜ್ಜ 1968ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಮುಂಬೈಯ ಹೋಟೆಲ್ ಕೆಲಸಕ್ಕೆ ಹೋದವರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ, ಮನೆಮನೆಯಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಟೇಬಲ್ ಒರೆಸುವುದರಿಂದ ಶುರು, ಲೋಟ ತೊಳೆಯುವುದು, ಆಮೇಲೆ ಸಪ್ಲಾಯರ್, ಅದೃಷ್ಟ ಇದ್ದರೆ ಗಲ್ಲಾಪೆಟ್ಟಿಗೆ. ಊರಿನಲ್ಲಿ ಇವರ ಅಬ್ಬಿಗೆ ಒಂದೇ ಚಿಂತೆ: ಹುಡುಗ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ. ‘ಉಂಡ್ಕಂಡ್ ಚಂದ ಇದ್ದೆ’ ಅಂತ ಪತ್ರದಲ್ಲಿ ಯಾರು ಬೇಕಾದರೂ ಬರೆಯಬಹುದು. ಅಬ್ಬಿ ನಂಬಬೇಕಲ್ಲ? ಅದಕ್ಕೆ ಹುಡುಗ ಸ್ಟೇಶನ್ನಿಗೆ ಹೋಗಿ ತೂಕ ಮಾಡಿಸಿಕೊಂಡು ಆ ಚೀಟಿಯನ್ನೇ ಊರಿಗೆ ಕಳಿಸುತ್ತಿದ್ದ. ಇನ್‌ಲ್ಯಾಂಡ್ ಪತ್ರದೊಳಗೆ ಏನನ್ನೂ ಇಟ್ಟು ಕಳಿಸುವಂತಿರಲಿಲ್ಲ, ಹಾಗಾಗಿ ಊರಿಗೆ ಹೊರಟವರ ಕೈಯಲ್ಲಿ ಕೊಡುತ್ತಿದ್ದ. ಅಬ್ಬಿಗೆ ಓದಲು ಬಾರದು. ಶಾಲೆಯ ಮಾಸ್ಟ್ರು ಓದಿ ಹೇಳುತ್ತಿದ್ದರಂತೆ: 29 ಕೆ.ಜಿ., 31 ಕೆ.ಜಿ., 34 ಕೆ.ಜಿ. ಸಂಖ್ಯೆ ಏರಿತು ಅಂದರೆ ಮಗ ಉಣ್ಣುತ್ತಿದ್ದಾನೆ ಅಂತ ಲೆಕ್ಕ.

ಚೀಟಿಯ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಕು ಬರೆದಿದೆ. ಮೊದಲ ಕೆಲವು ಚೀಟಿಗಳ ಮೇಲೆ ಇರುವುದು ಬೇರೆ ಯಾರದೋ ಬರಹ, ತಿದ್ದಿದ ಹಾಗೆ ಚೆಂದ. 1971ರಿಂದ ಅಕ್ಷರ ಬದಲಾಗುತ್ತದೆ. ದಪ್ಪ ದಪ್ಪ, ಸೊಟ್ಟ ಸೊಟ್ಟ ಕನ್ನಡ ಅಂಕಿಗಳು. ಹೋಟೆಲ್ ಹುಡುಗರಿಗಾಗಿ ಮುಂಬೈಯಲ್ಲಿ ಕನ್ನಡ ರಾತ್ರಿಶಾಲೆಗಳು ನಡೆಯುತ್ತಿದ್ದವು. ಅಜ್ಜ ಅಂಥದ್ದೊಂದಕ್ಕೆ ಸೇರಿದ್ದು ಆ ಹೊತ್ತಿಗೇ ಎಂದು ಮನೆಯವರು ಹೇಳಿದರು.

23ರಲ್ಲಿ 17 ಚೀಟಿ ಹೀಗೆ ಊರಿಗೆ ಬಂದವು. ಉಳಿದ ಆರು ಬಂದದ್ದು ಬೇರೆ ದಾರಿಯಲ್ಲಿ. ಅಜ್ಜ ತೀರಿಕೊಂಡ ಮೇಲೆ ಅವರ ಟ್ರಂಕಿನ ತಳದಲ್ಲಿ, ಹಾಸಿದ ಪೇಪರಿನ ಅಡಿಯಲ್ಲಿ ಅಜ್ಜಿಗೆ ಸಿಕ್ಕವು. ಎಲ್ಲ ಒಂದೇ ಜಾತಿಯ ಚೀಟಿ ಅಂತ ಅಜ್ಜಿ ಅವನ್ನೂ ಡಬ್ಬಿಗೆ ಹಾಕಿಟ್ಟರು.

ನಾವು ಇಂಜಿನಿಯರಿಂಗಿನವರು, ಡೇಟಾ ಕಂಡರೆ ಕೈ ಸುಮ್ಮನಿರದು. ಹಾಸ್ಟೆಲ್ ರೂಮಿನ ಮಂಚದ ಮೇಲೆ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ಗ್ರಾಫ್ ಹಾಕಿದೆವು. ಊರಿಗೆ ಬಂದ 17 ಚೀಟಿಗಳ ಗೆರೆ ಏರುತ್ತಲೇ ಹೋಗುತ್ತದೆ. 1973ರ ಕೊನೆಗೆ 46 ಕೆ.ಜಿ. ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಒಂದು ಚೀಟಿಯೂ ಇಲ್ಲ. ನಂತರದ್ದು 47. ಆ ಖಾಲಿ ಜಾಗಕ್ಕೆ ಟ್ರಂಕಿನ ಆರು ಚೀಟಿಗಳನ್ನು ಇಟ್ಟು ನೋಡಿದೆವು. 41, 40, 40, 42, 43, 44. ಆರೂ 1974ನೇ ಇಸವಿಯವು.

ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಜ್ವರವೋ, ಕಾಮಾಲೆಯೋ, ಕೆಲಸ ಹೋಗಿತ್ತೋ, ಹೇಳುವವರು ಈಗ ಯಾರೂ ಉಳಿದಿಲ್ಲ. ಅಜ್ಜಿ ಆ ಮನೆಗೆ ಮದುವೆಯಾಗಿ ಬಂದದ್ದು ಅದಕ್ಕಿಂತ ಎಷ್ಟೋ ಆಮೇಲೆ. ಒಂದಂತೂ ಸ್ಪಷ್ಟ. ಕೈಯಲ್ಲಿ ಹೆಚ್ಚು ಕಾಸಿಲ್ಲದ ಆ ಹುಡುಗ ಆ ವರ್ಷ ಮತ್ತೆ ಮತ್ತೆ ಮೆಷಿನ್ ಹತ್ತಿದ್ದಾನೆ. ಊರಿಗೆ ಕಳಿಸುವಂಥ ಸಂಖ್ಯೆ ಬಂತೋ ಅಂತ ನೋಡಿದ್ದಾನೆ. ಬರಲಿಲ್ಲ. ಕಳಿಸಲಾಗದ ಚೀಟಿಯನ್ನು ಎಸೆಯಲೂ ಇಲ್ಲ. 47 ಬಂದ ದಿನ ಅದನ್ನು ಊರಿಗೆ ಕಳಿಸಿದ್ದಾನೆ.

‘ಇದ್ನ್ ಎಂತಕ್ಕೆ ಇಟ್ಕಂಡಿದ್ರಿ ಅಜ್ಜಿ?’ ಅಂತ ನಮ್ಮ ಗೆಳತಿ ಫೋನಿನಲ್ಲಿ ಕೇಳಿದಳು. ‘ಅದ್ ಬಿಸಾಡುಕಾಗ ಮಗಾ, ಅದ್ರಂಗೆ ಅವ್ರ್ ತೂಕ ಇತ್ತ್’ ಅಂದರು ಅಜ್ಜಿ. ನಮ್ಮ ಇಡೀ ವಾದ ಆ ಒಂದು ಮಾತಿನಲ್ಲೇ ಇದೆ. ಆದರೂ ಸಂಪಾದಕರು ಇಷ್ಟು ಪುಟ ಕೊಟ್ಟಿದ್ದಾರೆ, ಬಿಡಿಸಿ ಹೇಳುತ್ತೇವೆ.

ಡಬ್ಬಿ ನೋಡಿದ ಮೇಲೆ ಉಳಿದವರೂ ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಿದರು. ಕುಂದಾಪುರದ ಒಂದು ಮನೆಯಲ್ಲಿ ಇದ್ದವಂತೆ, ಒಂದು ಕಟ್ಟು. ‘ಹೋದ್ ದೀಪಾವಳಿಗೆ ಕ್ಲೀನ್ ಮಾಡುವತಿಗೆ ಸುಟ್ ಹಾಕ್ದೆ, ಎಂತ ಮಾಡುಕಿತ್ತ್ ಆ ಕಸ?’ ಅಂತ ನಮ್ಮವನ ಅಮ್ಮ ನಮ್ಮನ್ನೇ ಕೇಳಿದರು. ಬ್ರಹ್ಮಾವರದ ಇನ್ನೊಂದು ಮನೆಯಲ್ಲಿ ಚೀಟಿಗಳು ಸಿಕ್ಕವು, ಅದೂ ನಿಜವಾದ ಸಂಗ್ರಹಕಾರರ ಕೈಯಲ್ಲಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಾವ ಒಬ್ಬರು ಸ್ಟೇಶನ್ನಿನಲ್ಲಿ ಬಿದ್ದ ಚೀಟಿಗಳನ್ನೂ ಹೆಕ್ಕಿ ತಂದು ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದರು. ನಟರಿಗೊಂದು ಪುಟ, ನಟಿಯರಿಗೊಂದು ಪುಟ, ಕೆಳಗೆ ಕೆಂಪು ಶಾಯಿಯಲ್ಲಿ ಹೆಸರು. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ಒಂದೇ ತೊಂದರೆ: ಪಟ ಮೇಲೆ ಬರಲಿ ಅಂತ ತೂಕದ ಮುಖಕ್ಕೆ ಗೋಂದು ಹಚ್ಚಿದ್ದಾರೆ. ಯಾರ ತೂಕ, ಯಾವ ಊರಿನ ಸ್ಟೇಶನ್, ಎಲ್ಲ ಗೋಂದಿನಡಿ ಹೋಯಿತು. ಒಂದನ್ನು ಮೆಲ್ಲಗೆ ಬಿಡಿಸಲು ನೋಡಿದೆವು. ರಟ್ಟು ಪದರ ಪದರವಾಗಿ ಕಿತ್ತು ಬಂತು, ಅಲ್ಲಿಗೇ ಕೈಬಿಟ್ಟೆವು.

ಮೂರು ತಾಲೂಕು, ಮೂರು ಮನೆ. ಒಂದರಲ್ಲಿ ಸುಟ್ಟರು, ಒಂದರಲ್ಲಿ ಅಂಟಿಸಿದರು, ಒಂದರಲ್ಲಿ ಸುಮ್ಮನೆ ಡಬ್ಬಿಯಲ್ಲಿಟ್ಟರು. ಈ ಮೂರರಲ್ಲಿ ಒಳ್ಳೆಯ ಸಂಗ್ರಹಕಾರ್ತಿ ಯಾರು ಅಂದರೆ, ಸಂಗ್ರಹ ಅನ್ನುವ ಶಬ್ದವನ್ನೇ ಬಳಸದ ಬೈಂದೂರಿನ ಅಜ್ಜಿ ಅಂತ ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ನಮ್ಮ ಸಭೆಯಲ್ಲೇ ಬಂತು. ‘ಎಂತ ಮಾರ್ರೆ, ಒಂದು ತೂಕದ ಚೀಟಿಗೆ ಇಷ್ಟೆಲ್ಲ ಯಾಕೆ? ಅದೇನು ನೆನಪಿನ ಕಾಣಿಕೆಯಾ?’ ಹೊರಗಿನ ಲೋಕ ನೋಡಿದರೆ, ಹೌದು. ಕಾಸು ಹಾಕಿದರೆ ನೆನಪಿನ ವಸ್ತು ಮಾಡಿಕೊಡುವ ಯಂತ್ರಗಳದ್ದೇ ಒಂದು ಚರಿತ್ರೆ ಇದೆ. 1893ರ ಷಿಕಾಗೋ ವಿಶ್ವಮೇಳದಲ್ಲಿ ನಾಣ್ಯವನ್ನು ಎರಡು ರೋಲರ್‌ಗಳ ನಡುವೆ ಒತ್ತಿ, ಉದ್ದ ಮೊಟ್ಟೆಯಾಕಾರಕ್ಕೆ ಚಪ್ಪಟೆ ಮಾಡಿ, ಅದರ ಮೇಲೆ ಮೇಳದ ಹೆಸರು ಮೂಡಿಸಿ ಕೊಡುತ್ತಿದ್ದರು. ಇವತ್ತಿಗೂ ಅಮೆರಿಕದ ಪ್ರವಾಸಿ ತಾಣಗಳಲ್ಲಿ ಅಂಥ ಯಂತ್ರಗಳಿವೆ, ಅವನ್ನು ಕೂಡಿಡುವವರ ದೊಡ್ಡ ಬಳಗವೂ ಇದೆ. 1962ರ ಸಿಯಾಟಲ್ ವಿಶ್ವಮೇಳದಲ್ಲಿ ‘ಮೋಲ್ಡ್-ಎ-ರಾಮಾ’ ಬಂತು. ನಾಣ್ಯ ಹಾಕಿದರೆ ಕರಗಿದ ಪಾಲಿಥಿನ್ ಎರಡು ಹೋಳಿನ ಅಚ್ಚಿನೊಳಗೆ ಹೋಗುತ್ತದೆ, ಗಾಳಿ ಊದಿ ಒಳಗು ಟೊಳ್ಳಾಗುತ್ತದೆ, ಅಚ್ಚು ತಣಿಯುತ್ತದೆ, ತೆರೆದುಕೊಳ್ಳುತ್ತದೆ, ಗೊಂಬೆ ಬಿಸಿಬಿಸಿಯಾಗಿ ಕೈಗೆ ಬೀಳುತ್ತದೆ. ಮೆಕ್ಯಾನಿಕಲ್ ಬ್ರಾಂಚಿನವರು ಮ್ಯಾನುಫ್ಯಾಕ್ಚರಿಂಗ್ ಪ್ರೊಸೆಸ್ ಪುಸ್ತಕದಲ್ಲಿ ಚಿತ್ರ ನೋಡಿ ಬಾಯಿಪಾಠ ಮಾಡುವುದನ್ನು ಆ ಮಕ್ಕಳು ಗಾಜಿನಾಚೆ ನಿಂತು ಕಣ್ಣಾರೆ ನೋಡಿದರು. ಷಿಕಾಗೋ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಂಥ ಕಡೆ ಈ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ ಮಾಡಿ ನಡೆಸಿಕೊಂಡು ಬಂದಿದ್ದಾರೆ.

ನಾಣ್ಯ ಹಾಕುವ ಯಂತ್ರದ ಮೂಲ ಹುಡುಕಿದರೆ ಇನ್ನೂ ಹಿಂದೆ ಹೋಗಬೇಕು. ಸುಮಾರು 2000 ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಗ್ರೀಕ್ ಇಂಜಿನಿಯರ್ ಇಂಥದ್ದೊಂದನ್ನು ವಿವರಿಸಿದ್ದಾನೆ. ನಾಣ್ಯ ಸನ್ನೆಯ ತುದಿಯ ತಟ್ಟೆಯ ಮೇಲೆ ಬೀಳುತ್ತದೆ, ಸನ್ನೆ ಬಾಗಿ ಬಾಯಿ ತೆರೆಯುತ್ತದೆ, ನಾಣ್ಯ ಜಾರಿ ಬೀಳುವವರೆಗೆ ನೀರು ಸುರಿಯುತ್ತದೆ. ಆ ನೀರು ಯಾವುದು ಗೊತ್ತಾ? ದೇವಸ್ಥಾನದ ತೀರ್ಥ! ಕೊಲ್ಲೂರಿನ ದಾರಿಯಲ್ಲಿ ಬೆಳೆದ ನಮಗೆ ಇದು ಓದಿ ಖುಷಿಯಾಯ್ತು. ಹಣ ಹಾಕಿದರೆ ತನ್ನಷ್ಟಕ್ಕೆ ತೂಕ ಹೇಳುವ ಯಂತ್ರ ಬಂದದ್ದು 1880ರ ದಶಕದಲ್ಲಿ, ಇಂಗ್ಲೆಂಡಿನ ಪರ್ಸಿವಲ್ ಎವೆರಿಟ್‌ನಿಂದ.

ಹಾಗಾದರೆ ನಮ್ಮಲ್ಲಿ ನಾಣ್ಯ ಚಪ್ಪಟೆ ಮಾಡುವ ಯಂತ್ರ ಯಾಕಿಲ್ಲ? ಕಾನೂನು ಅಡ್ಡ ಬರುತ್ತದೆ. ಅಮೆರಿಕದಲ್ಲಿ ಮೋಸದ ಉದ್ದೇಶದಿಂದ ನಾಣ್ಯ ಕೆಡಿಸಿದರೆ ಮಾತ್ರ ಅಪರಾಧ. ನಮ್ಮ 2011ರ ನಾಣ್ಯ ಕಾಯ್ದೆ ನಾಣ್ಯವನ್ನು ಕರಗಿಸುವುದನ್ನೂ ನಾಶಮಾಡುವುದನ್ನೂ ಅಪರಾಧ ಎನ್ನುತ್ತದೆ, ಏಳು ವರ್ಷದವರೆಗೆ ಜೈಲು. ಕೊಂಕಣ ರೈಲ್ವೆ ಹಳಿಯ ಮೇಲೆ ನಾಣ್ಯ ಇಟ್ಟು ಚಪ್ಪಟೆ ಮಾಡಿದ ವೀರರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಚಿಕ್ಕಂದಿನ ಆ ಹುಡುಗಾಟಿಕೆಯನ್ನು ಇಲ್ಲಿ ಹೊಗಳುವುದಿಲ್ಲ, ಜೀವಕ್ಕೇ ಅಪಾಯ. ನಾಣ್ಯವನ್ನು ಮುಟ್ಟದೆ, ನಾಣ್ಯಕ್ಕೆ ಬದಲಾಗಿ ಕೈಗೊಂದು ನೆನಪು ಕೊಟ್ಟ ನಮ್ಮ ಯಂತ್ರ ತೂಕದ ಮೆಷಿನ್ನೇ.

ಆ ಯಂತ್ರಕ್ಕೂ ನಮ್ಮ ಮೂರು ತಾಲೂಕಿಗೂ ಇರುವ ಸಂಬಂಧ ಸ್ವಲ್ಪ ವಿಚಿತ್ರ. ಮಂಗಳೂರಿನಿಂದ ಉಡುಪಿಗೆ ರೈಲು ಬಂದದ್ದೇ 1993ರಲ್ಲಿ. ಕೊಂಕಣ ರೈಲ್ವೆಯ ಇಡೀ ದಾರಿ ತೆರೆದದ್ದು 1998ರ ಜನವರಿ 26ರಂದು. ಅಂದರೆ ಬಾರ್ಕೂರು, ಮೂಡ್ಲಕಟ್ಟೆಯ ಕುಂದಾಪುರ ಸ್ಟೇಶನ್, ಬೈಂದೂರು ಮೂಕಾಂಬಿಕಾ ರೋಡ್, ಇವು ಯಾವುವೂ ಇಲ್ಲದ ಕಾಲದಲ್ಲೇ ನಮ್ಮ ಅಜ್ಜಂದಿರು ಮುಂಬೈ, ಬೆಂಗಳೂರಿನ ಪ್ಲಾಟ್‌ಫಾರಂನಲ್ಲಿ ಈ ಮೆಷಿನ್ ಹತ್ತಿ ಇಳಿದಾಗಿತ್ತು. ಊರಿಗೆ ರೈಲು ಬರುವ ಎಷ್ಟೋ ಮೊದಲೇ ರೈಲ್ವೆ ಸ್ಟೇಶನ್ನಿನ ಚೀಟಿ ಬಂತು, ಬಸ್ಸಿನಲ್ಲಿ ಕೂತು, ಯಾರದೋ ಅಂಗಿಯ ಕಿಸೆಯಲ್ಲಿ. ಹಾಗಾಗಿ ಇದರ ಚರಿತ್ರೆ ಹುಡುಕುವವರು ಇಲ್ಲಿನ ಸ್ಟೇಶನ್‌ಗಳಿಗೆ ಹೋಗಿ ಪ್ರಯೋಜನವಿಲ್ಲ, ಮನೆಗಳಿಗೇ ಹೋಗಬೇಕು.

ಇನ್ನು ಯಂತ್ರದ ಒಳಗಿನ ಮಾತು. ಇದು ನಮ್ಮ ಸಿಲಬಸ್ಸಿನೊಳಗೇ ಬರುತ್ತದೆ. ನಾವು ನಿಲ್ಲುವ ಹಲಗೆಯ ಕೆಳಗೆ ಒಂದಕ್ಕೊಂದು ಕೂಡಿಸಿದ ಸನ್ನೆಗಳು. 60 ಕೆ.ಜಿ. ಭಾರವನ್ನು ಅವು ಸಣ್ಣ ಎಳೆತವಾಗಿ ಇಳಿಸುತ್ತವೆ. ಆ ಎಳೆತಕ್ಕೆ ಎದುರಾಗಿ ಸ್ಪ್ರಿಂಗೋ ಲೋಲಕದಂಥ ತೂಕವೋ ನಿಲ್ಲುತ್ತದೆ. ಎರಡೂ ಸಮ ಆದಲ್ಲಿ ಅಂಕಿ ಕೆತ್ತಿದ ಚಕ್ರ ನಿಲ್ಲುತ್ತದೆ. ನಾಣ್ಯ ಬಿದ್ದಾಗ ಕೊಂಡಿ ಕಳಚಿ, ಅಟ್ಟಿಯ ತಳದ ಒಂದು ಚೀಟಿ ಜಾರಿ ಬಂದು, ಚಕ್ರದ ಅಂಕಿ ಅದರ ಮೇಲೆ ಒತ್ತುತ್ತದೆ. ಪ್ರೊಸೆಸರ್ ಇಲ್ಲ, ಮೆಮೊರಿ ಇಲ್ಲ. ಇಡೀ ಲೆಕ್ಕದ ಉತ್ತರ ಉಳಿಯುವುದು ಆ ರಟ್ಟಿನ ಮೇಲೆ ಮಾತ್ರ. ಬೇರೆಲ್ಲೂ ನಕಲಿಲ್ಲ.

ರಟ್ಟಿನ ಬಗ್ಗೆಯೂ ಒಂದು ಮಾತು ಹೇಳಬೇಕು. ತೂಕದ ಚೀಟಿ ಹೆಚ್ಚುಕಡಿಮೆ ಹಳೆಯ ರೈಲ್ವೆ ಟಿಕೆಟಿನ ಅಳತೆಯದ್ದು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ 1830ರ ದಶಕದಲ್ಲಿ ರೂಪಿಸಿದ ಆ ದಪ್ಪ ರಟ್ಟಿನ ಟಿಕೆಟ್ ಸುಮಾರು 57 ಮಿ.ಮೀ. ಉದ್ದ, 30 ಮಿ.ಮೀ. ಅಗಲ. ಶಾಯಿಯಲ್ಲಿ ಒತ್ತಿದ ಅಂಕಿ. 1968ರ ಚೀಟಿಯ 29 ಇವತ್ತಿಗೂ ನಿಚ್ಚಳವಾಗಿದೆ. ಈಗ ನಿಮ್ಮ ಪರ್ಸಿನಲ್ಲಿರುವ ಎಟಿಎಂ ಚೀಟಿಯನ್ನೋ ಬಸ್ ಟಿಕೆಟನ್ನೋ ತೆಗೆದು ನೋಡಿ. ಅದು ಥರ್ಮಲ್ ಪೇಪರ್, ಶಾಯಿಯೇ ಇಲ್ಲ, ಬಿಸಿ ತಾಗಿದಲ್ಲಿ ಕಾಗದದ ಮೇಲಿನ ರಾಸಾಯನಿಕ ಕಪ್ಪಾಗುತ್ತದೆ. ಬಿಸಿಲು, ಬೆವರು, ನಮ್ಮ ಕರಾವಳಿಯ ಸೆಕೆ, ಇಷ್ಟು ಸಾಕು, ಬರೆದದ್ದು ಮಾಸಿ ಹೋಗುತ್ತದೆ. ಇವತ್ತು ಮುಂಬೈಗೆ ಹೋದ ಹುಡುಗ ತನ್ನ ತೂಕವನ್ನು ವಾಟ್ಸಪ್ಪಿನಲ್ಲಿ ಅಮ್ಮನಿಗೆ ಕಳಿಸಬಹುದು, ಒಳ್ಳೆಯದೇ. ಆದರೆ 50 ವರ್ಷದ ಮೇಲೆ ಮೊಮ್ಮಗಳು ಆ ಫೋನಿನ ತಳದಲ್ಲಿ ಹಾಸಿದ ಪೇಪರ್ ಎತ್ತಿ ನೋಡುವುದಕ್ಕಾಗುತ್ತದಾ?

ಮೆಷಿನ್ನುಗಳು ಕಡಿಮೆಯಾಗುತ್ತಿರುವುದಕ್ಕೆ ಜನ ಬದಲಾದದ್ದಷ್ಟೇ ಕಾರಣವಲ್ಲ, ನಾಣ್ಯವೂ ಬದಲಾಯ್ತು. ಒಂದು ರೂಪಾಯಿಯನ್ನೇ ನೋಡಿ. 1970ರ ದಶಕದ ಕೊನೆಗೆ ಅದು 8 ಗ್ರಾಂ, 28 ಮಿ.ಮೀ. 1983ರಿಂದ 6 ಗ್ರಾಂ, 26 ಮಿ.ಮೀ. 1992ರಲ್ಲಿ ಸ್ಟೇನ್‌ಲೆಸ್ ಸ್ಟೀಲಿನದ್ದು ಬಂತು, 4.85 ಗ್ರಾಂ, 25 ಮಿ.ಮೀ. 2011ರದ್ದು 3.79 ಗ್ರಾಂ, 22 ಮಿ.ಮೀ. ಹತ್ತಿರ. ಹಳೆಯದರ ಜೊತೆ ಹೊಸದೂ ಒಟ್ಟಿಗೇ ಚಲಾವಣೆಯಲ್ಲಿ. ನಾಣ್ಯವನ್ನು ಅಳತೆಯಿಂದ, ಭಾರದಿಂದ ಗುರುತಿಸುವ ಯಂತ್ರದ ಪಾಡು ಏನಾಗಬೇಡ? ಇನ್ನೊಂದು ತಮಾಷೆ: ಕಬ್ಬಿಣದ ಬಿಲ್ಲೆ ಹಾಕಿ ಮೋಸ ಮಾಡುವವರನ್ನು ಹಿಡಿಯಲು ನಾಣ್ಯದ ಯಂತ್ರಗಳಲ್ಲಿ ಅಯಸ್ಕಾಂತ ಇಡುವುದು ಹಳೆಯ ಉಪಾಯ. ನಮ್ಮ ಹಳೆಯ ತಾಮ್ರ-ನಿಕ್ಕಲ್ ರೂಪಾಯಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, 1992ರ ನಂತರದ ಉಕ್ಕಿನ ರೂಪಾಯಿ ಅಂಟುತ್ತದೆ. ಅಂಥ ಯಂತ್ರದ ಕಣ್ಣಿಗೆ ಸರ್ಕಾರದ ಅಸಲಿ ನಾಣ್ಯವೇ ಖೋಟಾ! 2016ರಲ್ಲಿ ಯುಪಿಐ ಬಂದ ಮೇಲೆ ಕಿಸೆಯಲ್ಲಿ ನಾಣ್ಯವೇ ಇಲ್ಲ. ನಾವು ಈ ಲೇಖನ ಚರ್ಚಿಸಿದ ದಿನ ಕ್ಯಾಂಟೀನಿನಲ್ಲಿ ಹನ್ನೊಂದು ಜನ ಇದ್ದೆವು, ಎಲ್ಲರ ಕಿಸೆ ತಡಕಿದರೆ ಸಿಕ್ಕಿದ್ದು ಎರಡು ನಾಣ್ಯ.

ಇಷ್ಟು ಕೇಳಿದ ಮೇಲೆ ಕೆಲವರ ಮನಸ್ಸಿನಲ್ಲಿ ಆಗಲೇ ಪ್ರಾಜೆಕ್ಟ್ ಶುರುವಾಗಿರುತ್ತದೆ. ಲೋಡ್ ಸೆಲ್ ಹಾಕೋಣ, ಸಣ್ಣ ಕಂಟ್ರೋಲರ್ ಬೋರ್ಡ್, ಕ್ಯೂಆರ್ ಕೋಡ್, ಫೆಸ್ಟಿನಲ್ಲಿ ಇಟ್ಟರೆ ಜನ ಸಾಲು ನಿಲ್ಲುತ್ತಾರೆ. ನಮ್ಮಲ್ಲೂ ಈ ಉತ್ಸಾಹ ಇತ್ತು, ಈಗಲೂ ಇದೆ. ಕುಂದಾಪ್ರ ಕನ್ನಡದಲ್ಲಿ ಭವಿಷ್ಯ ಬರೆದ ಚೀಟಿ ಕೊಡಬೇಕು ಅಂತ ಒಬ್ಬ ಆಗಲೇ ಒಂದು ಪುಟ ಬರೆದಿಟ್ಟಿದ್ದಾನೆ. ನಾವು ನೋಡಿದ ಯಾವ ಚೀಟಿಯಲ್ಲೂ ಕನ್ನಡದ ಭವಿಷ್ಯ ಇರಲಿಲ್ಲ, ಇಂಗ್ಲಿಷ್ ಮತ್ತು ಹಿಂದಿ ಮಾತ್ರ, ಹಾಗಾಗಿ ಅವನ ಸಿಟ್ಟಿಗೆ ಅರ್ಥವಿದೆ. ಮಾಡುವುದಾದರೆ ಮಾಡೋಣ. ಆದರೆ ಎರಡು ಷರತ್ತು. ಒಂದು, ದುಡ್ಡು ತೆಗೆದುಕೊಂಡು ತೂಕ ಹೇಳುವ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆ, ಮುದ್ರೆ ಬೇಕು. ಅದಕ್ಕೆ ನಮ್ಮದು ಬಿಟ್ಟಿ ಟೋಕನ್ನಿನಲ್ಲಿ ನಡೆಯಲಿ. ಎರಡು, ಅದು ಕೊಡುವ ಚೀಟಿ ರಟ್ಟಿನದ್ದಾಗಿರಲಿ, ಶಾಯಿಯಲ್ಲಿ ಒತ್ತಿದ್ದಾಗಿರಲಿ. ಪ್ರತಿ ಸೆಮಿಸ್ಟರ್ ನಾವು ಏನೇನೋ ಕಟ್ಟುತ್ತೇವೆ, ಡೆಮೋ ಮುಗಿದ ಸಂಜೆ ಬ್ರೆಡ್‌ಬೋರ್ಡಿನಿಂದ ವೈರ್ ಕಿತ್ತು ಡಬ್ಬಕ್ಕೆ ಹಾಕುತ್ತೇವೆ. ಬಂದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಯಂತ್ರವಾದರೂ ಏನಾದರೂ ಉಳಿಸಲಿ.

ಆದರೂ ಹೊಸ ಮೆಷಿನ್ ಕಟ್ಟುವುದು ಎರಡನೇ ಕೆಲಸ. ಅದನ್ನು ಮುಂದಿನ ವರ್ಷವೂ ಕಟ್ಟಬಹುದು. ಈ ದೀಪಾವಳಿಗೆ ಸುಟ್ಟ ಚೀಟಿ ಮುಂದಿನ ವರ್ಷ ಸಿಗದು. ಅದಕ್ಕೂ ಮೊದಲು, ಆ ಚೀಟಿ ಯಾರದ್ದು ಅಂತ ಹೇಳಬಲ್ಲ ಅಜ್ಜಿ ಮುಂದಿನ ವರ್ಷ ಇರುತ್ತಾರೆ ಅನ್ನುವ ಭರವಸೆ ಯಾರಿಗಿದೆ?

ಇಲ್ಲಿ ಸಂಗ್ರಹ ಮಾಡುವ ಕ್ರಮದ ಬಗ್ಗೆಯೇ ನಮಗೊಂದು ತಕರಾರಿದೆ. ಸಂಗ್ರಹ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಸೆಟ್ ಪೂರ್ತಿ ಮಾಡುವುದು, ಅಪರೂಪದ್ದಕ್ಕೆ ಹೆಚ್ಚು ಬೆಲೆ, ಹೊಸದರ ಹಾಗೆ ಹೊಳೆಯುವುದಕ್ಕೆ ಇನ್ನೂ ಹೆಚ್ಚು ಬೆಲೆ. ಆ ಲೆಕ್ಕದಲ್ಲಿ ಅಂಚು ಸವೆದ, ಪೆನ್ಸಿಲಿನಲ್ಲಿ ಗೀಚಿದ ಅಜ್ಜನ ಚೀಟಿಗಳು ಕಡಿಮೆ ದರ್ಜೆಯವು. ಯಾರಾದರೂ ಪಟಕ್ಕೆ ಆಸೆಪಟ್ಟು ಅದರಲ್ಲಿ ನಾಲ್ಕನ್ನು ಕೊಂಡು ಹೋದರು ಅಂದುಕೊಳ್ಳಿ, 1974ರ ಕಣಿವೆ ಗ್ರಾಫಿನಿಂದ ಮಾಯ. ಒಂದೊಂದು ಚೀಟಿಯಾಗಿ ನೋಡಿದರೆ 40 ಕೆ.ಜಿ. ಅನ್ನುವುದಕ್ಕೆ ಅರ್ಥವೇ ಇಲ್ಲ. ಅದರ ಹಿಂದೆ 46 ಇತ್ತು, ಮುಂದೆ 47 ಬರಲಿದೆ, ಇದು ಮಾತ್ರ ಟ್ರಂಕಿನಲ್ಲಿತ್ತು, ಇಷ್ಟೂ ಗೊತ್ತಿದ್ದರೆ ಮಾತ್ರ ಅದು ಮಾತಾಡುತ್ತದೆ.

ನಾಣ್ಯ ಬಲ್ಲವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಬ್ರಹ್ಮಾವರ ತಾಲೂಕಿನ ಬಾರ್ಕೂರು ಆಳುಪರ ರಾಜಧಾನಿಯಾಗಿತ್ತು, ಶಾಸನಗಳಲ್ಲಿ ‘ಬಾರಕೂರು ಗದ್ಯಾಣ’ ಅಂತ ಆ ಊರಿನ ಹೆಸರಲ್ಲೇ ನಾಣ್ಯ ಇದೆ. ಆಳುಪರ ಮೀನಿನ ಗುರುತಿನ ಒಂದು ನಾಣ್ಯ ಯಾವ ಊರಿನ ಯಾವ ಮಣ್ಣಿನಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನುವುದು ಕಳೆದರೆ ಅದರ ಚರಿತ್ರೆಯ ದೊಡ್ಡ ಪಾಲು ಕಳೆದ ಹಾಗೆ, ಚಿನ್ನದ ತೂಕ ಮಾತ್ರ ಉಳಿಯುತ್ತದೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯಗಳ ಒಳ್ಳೆಯ ಸಂಗ್ರಹಾಲಯವಿದೆ, ನೋಡದವರು ಒಂದು ಶನಿವಾರ ಹೋಗಿ ಬನ್ನಿ. ರಾಜರು ಅಚ್ಚು ಹಾಕಿಸಿದ್ದನ್ನು ಜೋಪಾನ ಮಾಡಲು ಅಂಥ ಜಾಗಗಳಿವೆ. ಹೋಟೆಲ್ ಹುಡುಗ ಒಬ್ಬ ಒಂದು ನಾಣ್ಯ ಕೊಟ್ಟು ಅಚ್ಚು ಹಾಕಿಸಿಕೊಂಡದ್ದಕ್ಕೆ ಅವನ ಮನೆಯ ಬಿಸ್ಕತ್ತು ಡಬ್ಬಿ ಬಿಟ್ಟು ಬೇರೆ ಜಾಗವಿಲ್ಲ.

ಸಭೆಯಲ್ಲಿ ಇನ್ನೊಂದು ಪ್ರಶ್ನೆಯೂ ಎದ್ದಿತು, ಅದು ಸುಲಭದ್ದಲ್ಲ. ಅಜ್ಜ ಬಚ್ಚಿಟ್ಟದ್ದನ್ನು ಗ್ರಾಫ್ ಹಾಕಿ ಹೊರಗೆ ಹಾಕಲು ನಾವು ಯಾರು? ಅಬ್ಬಿಗೇ ತೋರಿಸದ್ದನ್ನು ಇಡೀ ಕಾಲೇಜಿಗೆ ತೋರಿಸುವುದಾ? ಬರೆಯಬಾರದು ಅಂತಲೇ ಇಬ್ಬರು ವಾದಿಸಿದರು. ಕೊನೆಗೆ ನಮ್ಮ ಗೆಳತಿ ಅಜ್ಜಿಯನ್ನೇ ಕೇಳಿದಳು. ಆರು ಚೀಟಿಗಳ ಅರ್ಥ ಏನಿರಬಹುದು ಅಂತ ಮೊದಲ ಸಲ ಅವರಿಗೆ ಗೊತ್ತಾದದ್ದು ಆಗಲೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸ್ರ್ ಹಾಕ್ಬೇಡಿ, ಬರಿನಿ’ ಅಂದರಂತೆ. ಹಾಗಾಗಿ ಹೆಸರಿಲ್ಲ. ನೀವು ನಿಮ್ಮ ಮನೆಯ ಡಬ್ಬಿ ತೆರೆದಾಗಲೂ ಇದು ನೆನಪಿರಲಿ. ಚೀಟಿಯನ್ನು ಸ್ಟೇಟಸ್ಸಿಗೆ ಹಾಕುವ ಮೊದಲು ಅದು ಯಾರ ಮೈಯ ತೂಕವೋ ಅವರನ್ನೋ ಅವರ ಮನೆಯವರನ್ನೋ ಕೇಳಿ.

ನಮ್ಮ ವಿನಂತಿ ಇಷ್ಟೇ. ಮುಂದಿನ ರಜೆಗೆ ಊರಿಗೆ ಹೋದಾಗ ಅಟ್ಟದ ಟ್ರಂಕು, ದೇವರ ಕೋಣೆಯ ಡಬ್ಬಿ, ಹಳೆಯ ರೇಷನ್ ಕಾರ್ಡಿನ ಕವರು, ಇವನ್ನೆಲ್ಲ ಒಂದು ಸಲ ಬಿಚ್ಚಿ ನೋಡಿ. ಚೀಟಿ ಸಿಕ್ಕರೆ ಎರಡೂ ಮುಖದ ಫೋಟೋ ತೆಗೆಯಿರಿ. ಯಾವುದರ ಜೊತೆ ಇತ್ತು, ಯಾವ ಕಟ್ಟಿನಲ್ಲಿತ್ತು ಅಂತ ಬರೆದಿಡಿ, ಕಟ್ಟು ಒಡೆಯಬೇಡಿ. ಗೋಂದು, ಲ್ಯಾಮಿನೇಶನ್ ಬೇಡವೇ ಬೇಡ. ಯಾರು ತೂಕ ಮಾಡಿಸಿದ್ದು, ಯಾಕೆ ಇಟ್ಟುಕೊಂಡದ್ದು ಅಂತ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ. ಚೀಟಿಯನ್ನು ನಮಗೆ ಕೊಡಬೇಡಿ, ಅದು ಇರಬೇಕಾದ್ದು ನಿಮ್ಮ ಮನೆಯಲ್ಲೇ. ಕಥೆ ಮತ್ತು ಫೋಟೋ ಸಾಕು, ಮನೆಯವರು ಒಪ್ಪಿದರೆ ಮಾತ್ರ.

ನಮ್ಮ ಗೆಳತಿ ಡಬ್ಬಿಯನ್ನು ವಾಪಸ್ ಊರಿಗೆ ಒಯ್ದಿದ್ದಾಳೆ. ಮೊದಲು ಎಲ್ಲ 23 ಒಟ್ಟಿಗೇ ಇದ್ದವು. ಈಗ ಅಜ್ಜಿ ಹೇಳಿದ ಪ್ರಕಾರ 17ಕ್ಕೆ ಒಂದು ನೂಲು, ಆರಕ್ಕೆ ಬೇರೆ ನೂಲು. ಆರರ ಕಟ್ಟು ಅಡಿಯಲ್ಲಿದೆ.